ಗೋಡೆ ಒದ್ದೆಯಾದರೆ ಅಡ್ವಾನ್ಸ್ ಮುರಿದುಕೊಳ್ಳುವುದನ್ನು ನಿಲ್ಲಿಸಿದ್ದೇವೆ

ನಮಗೆ ಮನೆ ವಹಿಸಿಕೊಟ್ಟಿರುವ ಮಾಲೀಕರಿಗೂ ಆ ಮನೆಗಳಲ್ಲಿ ವಾಸವಾಗಿರುವ ಬಾಡಿಗೆದಾರರಿಗೂ ನಮಸ್ಕಾರ.

ಜೂನ್ 1ರಿಂದ ನಮ್ಮ ಬಾಡಿಗೆ ಕರಾರಿನಲ್ಲಿ ಒಂದು ಷರತ್ತು ಬದಲಾಗುತ್ತದೆ. ‘ಮನೆಯೊಳಗಿನ ನೀರಿಗೆ ಸಂಬಂಧಿಸಿದ ಎಲ್ಲ ರಿಪೇರಿಯೂ ಬಾಡಿಗೆದಾರರಿಗೆ ಸೇರಿದ್ದು’ ಎಂಬ ಸಾಲು ಇದುವರೆಗೆ ಅದರಲ್ಲಿತ್ತು. ಅದನ್ನು ತೆಗೆದುಹಾಕುತ್ತಿದ್ದೇವೆ. ಇನ್ನು ಮುಂದೆ ನೀರು ಎಲ್ಲಿಂದ ಬಂತು ಎಂಬುದು ಗೊತ್ತಾಗುವ ತನಕ ಯಾರ ಅಡ್ವಾನ್ಸ್‌ನಲ್ಲೂ ಒಂದು ರೂಪಾಯಿ ಮುರಿದುಕೊಳ್ಳುವುದಿಲ್ಲ, ಯಾವ ಮಾಲೀಕರಿಗೂ ಬಿಲ್ ಕಳುಹಿಸುವುದಿಲ್ಲ.

ಈ ಬದಲಾವಣೆಗೆ ನಮ್ಮದೇ ಒಂದು ತಪ್ಪು ಕಾರಣ. ಜಯನಗರದ ಹಳೆಯ ಫ್ಲ್ಯಾಟ್ ಒಂದರಲ್ಲಿ ಆರು ವರ್ಷ ಇದ್ದ ನಿವೃತ್ತ ಶಿಕ್ಷಕಿಯೊಬ್ಬರು ಕಳೆದ ವರ್ಷ ಮನೆ ಖಾಲಿ ಮಾಡಿದರು. ಮಲಗುವ ಕೋಣೆಯಲ್ಲಿ ಬಚ್ಚಲಿಗೆ ಅಂಟಿಕೊಂಡ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರಿತ್ತು, ಬೀರುವಿನ ಹಿಂದೆ ಬೂಷ್ಟು ಹಿಡಿದಿತ್ತು. ಕರಾರಿನ ಆ ಸಾಲನ್ನು ತೋರಿಸಿ, ಪೇಂಟಿಂಗ್‌ಗೆಂದು ಹಿಡಿಯುವ ಒಂದು ತಿಂಗಳ ಬಾಡಿಗೆಯ ಮೇಲೆ ಇನ್ನೂ 38,000 ರೂಪಾಯಿ ಮುರಿದುಕೊಂಡೆವು. ‘ನಾನು ಎರಡು ಸಲ ಫೋನ್ ಮಾಡಿ ಹೇಳಿದ್ದೆನಲ್ಲ’ ಎಂದಷ್ಟೇ ಅವರು ಹೇಳಿದರು. ಹೊಸ ಬಾಡಿಗೆದಾರರು ಬಂದ ಎರಡೇ ತಿಂಗಳಿಗೆ ಅದೇ ಗೋಡೆ ಮತ್ತೆ ಒದ್ದೆಯಾಯಿತು. ಟೈಲ್ಸ್ ಒಡೆಸಿ ನೋಡಿದರೆ ಗೋಡೆಯೊಳಗಿನ ಜಿ.ಐ. (ಸತು ಲೇಪಿತ ಕಬ್ಬಿಣದ) ಪೈಪು ತಿರುಗುವ ಮೂಲೆಯ ತುಂಡು ತುಕ್ಕು ಹಿಡಿದು, ಸೂಜಿಮೊನೆಯಷ್ಟು ತೂತಾಗಿತ್ತು. ಆ ಹಣವನ್ನು ಅವರಿಗೆ ಹಿಂದಿರುಗಿಸಿ ಕ್ಷಮೆ ಕೇಳಿದ್ದೇವೆ. ಅವರು ಫೋನ್ ಮಾಡಿದ ದಿನವೇ ಹೋಗಿ ನೋಡಿದ್ದರೆ ಮಾಲೀಕರ ಗೋಡೆಯೂ ಉಳಿಯುತ್ತಿತ್ತು.

ನೀರು ತಾನು ಬಂದ ದಾರಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೇಲಿನ ಮನೆಯ ಬಚ್ಚಲಲ್ಲಿ ಸೋರಿದ್ದು ಸ್ಲ್ಯಾಬಿನೊಳಗೆ ಹರಿದು ಹತ್ತಡಿ ಆಚೆ ನಿಮ್ಮ ಹಜಾರದಲ್ಲಿ ಜಿನುಗಬಹುದು. ಆದ್ದರಿಂದ ಕಲೆ ಎಲ್ಲಿದೆ ಎಂಬುದಕ್ಕಿಂತ ಅದು ಯಾವಾಗ ಹೆಚ್ಚಾಗುತ್ತದೆ ಎಂಬುದನ್ನು ಮೊದಲು ಕೇಳುತ್ತೇವೆ. ಹಗಲು ರಾತ್ರಿ ಒಂದೇ ಸಮನೆ ಒದ್ದೆಯಾಗಿದ್ದರೆ ಸಾಮಾನ್ಯವಾಗಿ ಅದು ನೀರು ತರುವ ಪೈಪಿನ ಸೋರಿಕೆ. ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರ್ ನೋಡಿದರೆ ಅದು ತಿರುಗುತ್ತಲೇ ಇರುತ್ತದೆ. ಮೀಟರ್ ಇಲ್ಲದ ಮನೆಗಳಲ್ಲಿ ಲೈನಿಗೆ ಒತ್ತಡದ ಪಂಪ್ ಜೋಡಿಸಿ, ಒತ್ತಡ ತೋರಿಸುವ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತೇವೆ. ಸ್ನಾನವಾದ ಮೇಲೆ ಮಾತ್ರ ತೇವ ಹೆಚ್ಚಿದರೆ ಅನುಮಾನ ಬಚ್ಚಲಿನ ನೆಲದ ಮೇಲೆ, ನೀರು ಹೊರಗೆ ಹೋಗುವ ಪೈಪಿನ ಮೇಲೆ. ತೂಬನ್ನು ಮುಚ್ಚಿ, ಬಣ್ಣ ಕಲಸಿದ ನೀರನ್ನು 24 ಗಂಟೆ ನಿಲ್ಲಿಸಿದರೆ ನೆಲ ಸೋರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಮಳೆ ಹೊಡೆದ ಮರುದಿನ ಮಾತ್ರ ಕಲೆ ಹಿಗ್ಗಿದರೆ ಹೊರಗೋಡೆಯ ಬಿರುಕನ್ನೋ ಟೆರೇಸನ್ನೋ ಹುಡುಕಬೇಕು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಇಂಥ ದೂರುಗಳೇ ನಮಗೆ ಹೆಚ್ಚು ಬರುತ್ತವೆ. ಇವುಗಳಲ್ಲಿ ಬಾಡಿಗೆದಾರರ ಕೈವಾಡ ಏನೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಇಬ್ಬರೂ ಕೇಳುತ್ತೀರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಸೆಕ್ಷನ್ ಪ್ರಕಾರ ಬಾಡಿಗೆದಾರರು ಮನೆಯನ್ನು ತಾವು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಸವೆತಕ್ಕೆ ಅವರು ಹೊಣೆಯಲ್ಲ. ಮಾಲೀಕರು ತಾವು ಮಾಡಲೇಬೇಕಾದ ರಿಪೇರಿಯನ್ನು ಬಾಡಿಗೆದಾರರು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಇದೆಲ್ಲವೂ ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಮಾತ್ರ. ನಮ್ಮ ಹಳೆಯ ಸಾಲು ಮಾಡಿದ ಅನ್ಯಾಯ ಇದೇ: ಕಾಯ್ದೆ ಕೊಟ್ಟಿದ್ದ ರಕ್ಷಣೆಯನ್ನು ಅದು ಕಸಿದುಕೊಂಡಿತ್ತು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಈ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ನಿಮ್ಮ ಪೈಕಿ ಹೆಚ್ಚಿನವರಿಗೆ ಕರಾರಿನ ಕಾಗದವೇ ಆಧಾರ. ಹಾಗಾಗಿ ಅದರಲ್ಲಿನ ಪ್ರತಿ ಪದಕ್ಕೂ ತೂಕವಿರಬೇಕು ಎಂಬುದು ನಮ್ಮ ನಂಬಿಕೆ.

ಹೊಸ ಷರತ್ತನ್ನು ಬರೆಯುವಾಗ 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯ ಹಂಚಿಕೆಯನ್ನು ಮುಂದಿಟ್ಟುಕೊಂಡೆವು. ಅದು ಮಾದರಿಯಷ್ಟೇ, ತಾನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಹಂಚಿಕೆ ನ್ಯಾಯವಾಗಿದೆ. ನಲ್ಲಿ, ವಾಷರ್, ಗೀಸರ್, ವಾಶ್ ಬೇಸಿನ್, ಕಮೋಡ್ ರಿಪೇರಿ ಹಾಗೂ ಮೋರಿ ಕಟ್ಟಿಕೊಂಡರೆ ಬಿಡಿಸುವುದು ಬಾಡಿಗೆದಾರರಿಗೆ ಸೇರಿದ್ದು. ಗೋಡೆಯೊಳಗಿನ ಪೈಪು ಬದಲಿಸುವುದು, ಕಟ್ಟಡದ ರಿಪೇರಿ, ಸುಣ್ಣಬಣ್ಣ ಮಾಲೀಕರಿಗೆ ಸೇರಿದ್ದು. ಬಚ್ಚಲಿನ ವಾಟರ್‌ಪ್ರೂಫಿಂಗ್ ಕೂಡ ಮಾಲೀಕರದೇ ಎಂದು ನಾವು ಸೇರಿಸಿದ್ದೇವೆ. ಟೆರೇಸ್, ಹೊರಗೋಡೆ, ಡಕ್ಟ್‌ನ ಸಾಮಾನ್ಯ ಪೈಪುಗಳು ಅಪಾರ್ಟ್‌ಮೆಂಟಿನ ಎಲ್ಲರಿಗೂ ಸೇರಿದವು, ಅವುಗಳ ಬಗ್ಗೆ ಅಸೋಸಿಯೇಷನ್‌ಗೆ ಪತ್ರ ಬರೆದು ಬೆನ್ನುಹತ್ತುವ ಕೆಲಸ ನಮ್ಮದು. ಹೊಸ ಫ್ಲ್ಯಾಟಿನ ಮಾಲೀಕರು ಒಂದು ವಿಷಯ ಗಮನಿಸಿ: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೆಯ ಸೆಕ್ಷನ್‌ನಂತೆ, ಸ್ವಾಧೀನ ಪಡೆದ ಐದು ವರ್ಷದೊಳಗೆ ನೀವು ಗಮನಕ್ಕೆ ತಂದ ರಚನಾ ದೋಷವನ್ನೂ ಕಳಪೆ ಕೆಲಸವನ್ನೂ ಬಿಲ್ಡರ್ ನಿಮ್ಮಿಂದ ಹಣ ಪಡೆಯದೆ ಸರಿಪಡಿಸಿಕೊಡಬೇಕು.

ಬಾಡಿಗೆದಾರರ ಕಡೆಯಿಂದಲೂ ತಪ್ಪಾಗುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನೀರು ಹೊತ್ತು ಗೊತ್ತಿಲ್ಲದೆ ಬರುತ್ತಿದ್ದಾಗ, ಬರಿದಾದ ನಲ್ಲಿಯನ್ನು ತೆರೆದಿಟ್ಟೇ ಊರಿಗೆ ಹೋದ ಒಂದು ಮನೆಯಲ್ಲಿ ರಾತ್ರಿ ಟ್ಯಾಂಕರ್ ನೀರು ಏರಿ ಹಜಾರದ ಮರದ ನೆಲಹಾಸೆಲ್ಲ ಎದ್ದುಹೋಯಿತು, ಕೆಳಮನೆಯ ಸೀಲಿಂಗ್ ಕಿತ್ತುಬಂತು. ಅಂಥ ನಷ್ಟವನ್ನು ಬಾಡಿಗೆದಾರರೇ ಭರಿಸಬೇಕು, ಅದನ್ನೂ ಷರತ್ತಿನಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ. ತೇವ ಕಂಡ ಏಳು ದಿನದೊಳಗೆ ಫೋಟೋ ಸಹಿತ ನಮಗೆ ತಿಳಿಸಬೇಕು. ತಿಳಿಸದೆ ಬಿಟ್ಟು ಹಾನಿ ಬೆಳೆದರೆ, ಬೆಳೆದಷ್ಟರ ಮಟ್ಟಿಗೆ ಹೊಣೆ ಅವರದೂ ಆಗುತ್ತದೆ. ದಯವಿಟ್ಟು ಬೀರುವನ್ನು ಅಡ್ಡ ಸರಿಸಿ ಕಲೆ ಮುಚ್ಚಬೇಡಿ. ಅಡ್ವಾನ್ಸ್ ಹೋಗುತ್ತದೆಂಬ ಹೆದರಿಕೆಯಿಂದಲೇ ಜನ ಹಾಗೆ ಮಾಡುತ್ತಾರೆ ಎಂದು ನಮಗೆ ಗೊತ್ತು, ಆ ಹೆದರಿಕೆಗೆ ನಾವೂ ಕಾರಣರಾಗಿದ್ದೆವು.

ದೂರು ಬಂದ ಮೂರು ದಿನದೊಳಗೆ ನಮ್ಮ ಪ್ಲಂಬರ್ ಬಂದು ನೋಡುತ್ತಾರೆ. ಮೊದಲ ತಪಾಸಣೆಯ ಖರ್ಚು ನಮ್ಮ ಸಂಸ್ಥೆಯದು, ಅದಕ್ಕಾಗಿ ನಿರ್ವಹಣಾ ಶುಲ್ಕ ಹೆಚ್ಚಿಸುತ್ತಿಲ್ಲ. ವರದಿಯ ಪ್ರತಿ ಮಾಲೀಕರಿಗೂ ಬಾಡಿಗೆದಾರರಿಗೂ ಒಂದೇ ದಿನ ತಲುಪುತ್ತದೆ. ಯಾರಿಗೆ ಒಪ್ಪಿಗೆಯಾಗದಿದ್ದರೂ ಹೊರಗಿನ ಬೇರೊಬ್ಬ ಪ್ಲಂಬರನ್ನು ಕರೆತಂದು ತೋರಿಸಬಹುದು.

ಈಗಾಗಲೇ ನಡೆಯುತ್ತಿರುವ 11 ತಿಂಗಳ ಕರಾರುಗಳಿಗೆ ಒಂದು ಪುಟದ ಸೇರ್ಪಡೆ ಪತ್ರವನ್ನು ಕಳುಹಿಸುತ್ತೇವೆ. ಇಬ್ಬರೂ ಸಹಿ ಮಾಡಿ ಮೇ 25ರೊಳಗೆ ಹಿಂದಿರುಗಿಸಿ. ವಿದೇಶದಲ್ಲಿರುವ ಮಾಲೀಕರು ಇಮೇಲ್‌ನಲ್ಲಿ ಒಪ್ಪಿಗೆ ಕೊಟ್ಟರೆ ಸಾಕು. ಕಳೆದ ಮೂರು ವರ್ಷಗಳಲ್ಲಿ ಮನೆ ಖಾಲಿ ಮಾಡುವಾಗ ಗೋಡೆಯ ತೇವಕ್ಕೆಂದು ನಾವು ಹಣ ಮುರಿದುಕೊಂಡಿದ್ದರೆ, ಆ ಲೆಕ್ಕದ ಚೀಟಿಯೊಂದಿಗೆ ಬನಶಂಕರಿಯ ನಮ್ಮ ಕಚೇರಿಗೆ ಬನ್ನಿ. ಕಡತ ತೆಗೆದು ನಿಮ್ಮ ಮುಂದೆಯೇ ಮತ್ತೆ ನೋಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಬಾಡಿಗೆ ಮನೆಗಳ ನಿರ್ವಹಣಾ ತಂಡ
ಬನಶಂಕರಿ, ಬೆಂಗಳೂರು