ಮುಟ್ಟಿ ನೋಡುವ ಬಾಹ್ಯಾಕಾಶ ಕೇಂದ್ರ ಕಾಸರಗೋಡಿಗೂ ಬರಲಿ

ಮಾನ್ಯ ಸಂಪಾದಕರೇ,

ಬದಿಯಡ್ಕದಲ್ಲಿ ಮೂವತ್ತೊಂದು ವರ್ಷಗಳಿಂದ ಅಡಿಕೆ ತೂಗುತ್ತಿದ್ದೇನೆ. ತೂಕದ ವಿಷಯದಲ್ಲಿ ನನಗೆ ಪಾಠ ಹೇಳುವವರಿಲ್ಲ ಎಂದುಕೊಂಡಿದ್ದೆ. ಕಳೆದ ಓಣಂ ರಜೆಯಲ್ಲಿ ಆರನೇ ತರಗತಿಯ ಮೊಮ್ಮಗಳು ಆ ಜಂಬ ಇಳಿಸಿದಳು.

ಮಗನ ಊರಿಗೆ ಹೋಗಿದ್ದಾಗ ಅಲ್ಲಿನ ವಿಜ್ಞಾನ ಕೇಂದ್ರವೊಂದಕ್ಕೆ ಮನೆಮಂದಿಯೆಲ್ಲ ಹೋದೆವು. ಹೆಸರು ಬೇಡ. ಕೈಯಿಂದ ತಿರುಗಿಸಿ ನೋಡಬೇಕಾದ ಉಪಗ್ರಹದ ಮಾದರಿಗೆ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಎಂದು ಬರೆದಿದ್ದರು. ನಾಲ್ಕು ಗುಂಡಿಗಳಲ್ಲಿ ಮೂರನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಸರಿಯಾಗಿದ್ದದ್ದು ಚಂದ್ರನ ಮೇಲಿನ ತೂಕ ತೋರಿಸುವ ಯಂತ್ರವೊಂದೇ. 30 ಕಿಲೋದ ಹುಡುಗಿ ಹತ್ತಿ ನಿಂತಳು, ಐದು ಎಂದಿತು. ಇಳಿದವಳೇ ಕೇಳಿದಳು: “ಅಜ್ಜ, ಚಂದ್ರನಲ್ಲಿ ಅಂಗಡಿ ಇಟ್ಟರೆ 60 ಕಿಲೋದ ಚಾಲಿ ಅಡಿಕೆಯ ಮೂಟೆಗೆ ಹತ್ತು ಕಿಲೋದ ದುಡ್ಡು ಕೊಟ್ಟರೆ ಸಾಕಲ್ಲವೇ?”

ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ನನ್ನ ಈಗಿನ ಎಲೆಕ್ಟ್ರಾನಿಕ್ ಯಂತ್ರ ಅಲ್ಲಿ ಖಂಡಿತ ಹತ್ತು ಎಂದೇ ತೋರಿಸುತ್ತದೆ. ಆದರೆ ಅಪ್ಪನ ಕಾಲದ ತಕ್ಕಡಿ? ಅಡಿಕೆಯೊಂದಿಗೆ ತೂಕದ ಕಲ್ಲುಗಳೂ ಆರರಲ್ಲೊಂದು ಪಾಲಾಗುತ್ತವೆ. ತಟ್ಟೆಗಳು ಸಮವಾಗಿಯೇ ನಿಲ್ಲಬೇಕು, ರೈತನಿಗೆ ಮೋಸವಿಲ್ಲ! ಶಾಲೆಯ ವಿಜ್ಞಾನ ಟೀಚರನ್ನು ಕೇಳಿ ಖಚಿತ ಮಾಡಿಕೊಂಡೆ. ಇಷ್ಟು ವರ್ಷ ತೂಗಿದರೂ ಇದು ಹೊಳೆದಿರಲಿಲ್ಲ.

ಅದೇ ಟೀಚರ್ ಇನ್ನೊಂದು ತೋರಿಸಿದರು. ಹಳೆ ಪೇಪರಿನವರು ಹಿಡಿದುಕೊಂಡು ಬರುವ ಕೊಕ್ಕೆಯ ತಕ್ಕಡಿಗೆ ಎರಡು ಕಿಲೋದ ಬೆಲ್ಲದ ಪೊಟ್ಟಣ ತೂಗಿಸಿ, ಕೈಯನ್ನು ಸರಕ್ಕನೆ ಕೆಳಗಿಳಿಸಿದರೆ ಮುಳ್ಳು ಸೊನ್ನೆಯತ್ತ ಓಡುತ್ತದೆ. ಬೀಳುವ ವಸ್ತುವಿಗೆ ತೂಕ ಕಾಣುವುದಿಲ್ಲ. 400 ಕಿಲೋಮೀಟರ್ ಎತ್ತರದ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಸೆಳೆತ ಇಲ್ಲಿಯದರ ಹತ್ತರಲ್ಲಿ ಸುಮಾರು ಒಂಬತ್ತು ಪಾಲಿನಷ್ಟಿದೆಯಂತೆ; ಅಲ್ಲಿನವರು ತೇಲುವುದು ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ. ಮೊಮ್ಮಗಳು ಆ ಸಂಜೆ ಹತ್ತಾರು ಬಾರಿ ಕೈ ಇಳಿಸಿದಳು. ಪೊಟ್ಟಣ ಒಡೆದು ಬೆಲ್ಲ ಇರುವೆಗಳ ಪಾಲಾಯಿತು.

ಇಷ್ಟೆಲ್ಲ ಬರೆದದ್ದು ಒಂದು ಬೇಡಿಕೆಗಾಗಿ. ನಮ್ಮ ಜಿಲ್ಲೆಯಲ್ಲಿ ಮಕ್ಕಳು ಕೈಯಾರೆ ಮಾಡಿ ನೋಡುವ ಸಣ್ಣದೊಂದು ಬಾಹ್ಯಾಕಾಶ ಕೇಂದ್ರ ಬೇಕು. ತಿರುವನಂತಪುರದ ಬಳಿಯ ತುಂಬಾ ಎಂಬ ಊರಿನಲ್ಲಿ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿದಾಗ ಕಚೇರಿಯಾಗಿದ್ದ ಇಗರ್ಜಿ ಈಗ ವಸ್ತುಸಂಗ್ರಹಾಲಯ. ಆದರೆ ಅದು ರಾಜ್ಯದ ಆ ತುದಿ, ನಾವು ಈ ತುದಿ. ಹತ್ತಿರದ್ದು ಗಡಿಯಾಚೆ ಮಂಗಳೂರಿನ ಪಿಲಿಕುಳ. ಅಲ್ಲಿ 2018ರಲ್ಲಿ ತೆರೆದ ತಾರಾಲಯವನ್ನು ಮಕ್ಕಳಿಗೆ ಖಂಡಿತ ತೋರಿಸಿ. ಆದರೆ ಕೂಲಿ ಕೆಲಸದ ಮನೆಯವರು ನಾಲ್ವರನ್ನು ಕಟ್ಟಿಕೊಂಡು ಎಷ್ಟು ಸಲ ಬಸ್ ಹತ್ತಿಯಾರು?

ದೊಡ್ಡ ಕಟ್ಟಡ ಕೇಳುತ್ತಿಲ್ಲ. ಮಕ್ಕಳು ಕಡಿಮೆಯಾಗಿ ಬೀಗ ಬಿದ್ದ ತರಗತಿ ಕೋಣೆಗಳಿವೆ. ಶಾಸ್ತ್ರೋತ್ಸವಕ್ಕೆ, ಅಂದರೆ ಶಾಲೆಗಳ ವಿಜ್ಞಾನ ಮೇಳಕ್ಕೆ, ಮಕ್ಕಳು ಮಾಡಿದ ಮಾದರಿಗಳು ಮರುವಾರವೇ ಮೂಲೆ ಸೇರುತ್ತವೆ. ಒಂದು ತಿರುಗುವ ಸ್ಟೂಲು, ನೀರಿನ ರಾಕೆಟ್, ನಾಣ್ಯ ಸುತ್ತುತ್ತಾ ಇಳಿಯುವ ದೊಡ್ಡ ಬಾನಿ ಇದ್ದರೆ ಆರಂಭಕ್ಕೆ ಸಾಕು. ಮುರಿದರೆ ರಿಪೇರಿ ಮಾಡಲು ಊರಿನ ಒಬ್ಬ ಬಡಗಿಗೆ ಸಂಬಳ ಇಟ್ಟರೆ ಹಗ್ಗ ಕಟ್ಟಬೇಕಾಗುವುದಿಲ್ಲ. ಫಲಕಗಳು ಮಲೆಯಾಳದ ಜೊತೆಗೆ ಕನ್ನಡದಲ್ಲೂ ಇರಲಿ. ಚಂದ್ರನ ತೂಕದ ಆ ಯಂತ್ರದ ಪಕ್ಕದ ವಿವರಣೆಯನ್ನು ನನ್ನ ಮೊಮ್ಮಗಳಿಗೆ ಓದಲಾಗಲಿಲ್ಲ. ಅಲ್ಲಿ ಕನ್ನಡವನ್ನು ನಿರೀಕ್ಷಿಸಿರಲೂ ಇಲ್ಲ, ಕಾಸರಗೋಡಿನಲ್ಲಿ ಮಾತ್ರ ನಿರೀಕ್ಷಿಸುತ್ತೇವೆ.

2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ನೋಡಲು ನಮ್ಮ ಜಿಲ್ಲೆಯ ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಆ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಮಾವಿನೆಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಬಳೆಗಳಾದವು. ಆಗಿನ್ನೂ ಅಂಗನವಾಡಿಯಲ್ಲಿದ್ದ ಇದೇ ಹುಡುಗಿ ಒಣಹಾಕಿದ ಅಡಿಕೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಆ ಬಳೆಗಳನ್ನು ಹೆಕ್ಕಲು ನೋಡಿದಳು.

ಜಿಲ್ಲಾ ಪಂಚಾಯತಿನವರು ಕೋಣೆ ಕೊಟ್ಟರೆ ಅಪ್ಪನ ತಕ್ಕಡಿಯನ್ನು ನಾನು ಕೊಡುತ್ತೇನೆ. ಅಟ್ಟದಿಂದ ಇಳಿಸಿ ತಿಕ್ಕಿ ಇಟ್ಟಿದ್ದೇನೆ. ಕಲ್ಲುಗಳಲ್ಲಿ 200 ಗ್ರಾಮಿನದೊಂದು ಮಾತ್ರ ಕಾಣುತ್ತಿಲ್ಲ, ಹುಡುಕುತ್ತಿದ್ದೇನೆ.

ಇಂತು,
ಒಬ್ಬ ಅಡಿಕೆ ವ್ಯಾಪಾರಿ, ಬದಿಯಡ್ಕ