ಅಣಬೆ ಶಿಬಿರ: ಕಲಿಸುವವರನ್ನು ನೋಡಿ ಸೇರಿ

ಮಾನ್ಯರೇ,

ಕಾಡಿನ ಸೊಪ್ಪು, ಅಣಬೆ ಗುರುತಿಸಲು ಕಲಿಸುವ ಶಿಬಿರಕ್ಕೆ ಸೇರುವ ಮುನ್ನ, ಕಲಿಸುವವರು ಯಾರ ಬಳಿ ಕಲಿತರು, ಎಷ್ಟು ವರ್ಷದ ಅನುಭವ ಎಂದು ಕೇಳಲೇಬೇಕು. ಏಕೆಂದರೆ, ಜೀವಕ್ಕೇ ಎರವಾಗುವ ‘ಡೆತ್ ಕ್ಯಾಪ್’ ಎಂಬ ಅಣಬೆಯ ವಿಷ ಬೇಯಿಸಿದರೂ ಹೋಗದು. ವಾಂತಿ, ಭೇದಿ ಶುರುವಾಗುವುದೇ ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ. ಅಷ್ಟರಲ್ಲಿ ವಿಷ ಯಕೃತ್ತನ್ನು ಮುಟ್ಟಿರುತ್ತದೆ. ಈ ಅಣಬೆಯ ಮುಖ್ಯ ಗುರುತಾದ, ಬುಡದಲ್ಲಿರುವ ಚೀಲದಂಥ ಹೊದಿಕೆ ಎಷ್ಟೋ ಸಲ ಮಣ್ಣಿನಲ್ಲೇ ಹುದುಗಿರುತ್ತದೆ. ಹಾಗಾಗಿ ಅಣಬೆಯನ್ನು ಮೇಲಿಂದ ಚಿವುಟಿ ‘ಇದು ತಿನ್ನಬಹುದು’ ಎಂದುಬಿಡುವವರನ್ನು ನಂಬಬೇಡಿ. ಬುಡಸಮೇತ ಅಗೆದು ತೋರಿಸಿ, ವೈಜ್ಞಾನಿಕ ಹೆಸರು ಹೇಳಿ, ಸ್ವಲ್ಪ ಅನುಮಾನವಿದ್ದರೂ ‘ಗೊತ್ತಿಲ್ಲ, ಬಿಟ್ಟುಬಿಡಿ’ ಎನ್ನುವವರೇ ನನ್ನ ಮಟ್ಟಿಗೆ ನಿಜವಾದ ಗುರು. ಅಣಬೆ ಬೇಯಿಸುವಾಗ ಹಾಕಿದ ಬೆಳ್ಳಿ ಚಮಚ ಕಪ್ಪಾಗದಿದ್ದರೆ ಅಪಾಯವಿಲ್ಲ ಎಂದು ಹೇಳಿಕೊಡುವ ಕಡೆಯಿಂದ ಕೂಡಲೇ ಎದ್ದು ಬನ್ನಿ. ಶುಲ್ಕ ಕಟ್ಟುವ ಮೊದಲು ಹಿಂದೆ ಅಲ್ಲಿ ಕಲಿತವರೊಬ್ಬರ ಜೊತೆ ಮಾತಾಡಿ.

– ಒಬ್ಬ ಓದುಗ