ದೂರು: ಸಹಾಯವಾಣಿಯಿಂದ ಹೋಗುವ ಎಸ್ಸೆಮ್ಮೆಸ್ ಮತ್ತು ವಾಪಸ್ ಕರೆ ಕುರಿತು

ಇವರಿಗೆ,
ವ್ಯವಸ್ಥಾಪಕರು,
ಮಹಿಳಾ ಸಹಾಯವಾಣಿ ಕರೆ ಕೇಂದ್ರ ಹಾಗೂ ತಾತ್ಕಾಲಿಕ ಆಶ್ರಯ ನಡೆಸುವ ಗುತ್ತಿಗೆ ಸಂಸ್ಥೆ

ಇವರಿಂದ,
ಕಾನೂನು ನೆರವಿನ ಸ್ವಯಂಸೇವಕರು, ಶಿರಸಿ

ಮಾನ್ಯರೇ,

ನಿಮ್ಮ ಕೇಂದ್ರಕ್ಕೆ ಮಾಡಿದ ಕರೆ ಮುಗಿದ ಕೂಡಲೇ "ನಿಮ್ಮ ಕೌಟುಂಬಿಕ ದೌರ್ಜನ್ಯದ ದೂರು ದಾಖಲಾಗಿದೆ" ಎಂಬ ಎಸ್ಸೆಮ್ಮೆಸ್ಸು, ದೂರಿನ ಸಂಖ್ಯೆಯ ಸಮೇತ, ಕರೆ ಬಂದ ನಂಬರಿಗೇ ತಂತಾನೇ ಹೋಗುತ್ತದೆ. ಫೋನ್ ಲಾಕ್ ಆಗಿದ್ದರೂ ಮೊದಲ ಸಾಲು ಪರದೆಯ ಮೇಲೆ ಮೂಡುತ್ತದೆ. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಆ ಫೋನು ಕರೆ ಮಾಡಿದವಳದ್ದಲ್ಲ, ಮನೆಯದು.

ಸಿಗ್ನಲ್ ಕಥೆ ಇನ್ನೂ ಕೆಟ್ಟದ್ದು. ತೋಟದ ಪಕ್ಕದ ಮನೆಯಲ್ಲಿ ಒಂದು ಕಡ್ಡಿಯೂ ಇರುವುದಿಲ್ಲ. ಸೊಪ್ಪಿನಬೆಟ್ಟದ ಏರಿಗೆ ಹೋದರೆ ಎರಡು ಕಡ್ಡಿ. ಸೊಪ್ಪು ತರುವ ನೆಪದಲ್ಲಿ ಅವಳಿಗೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅದರಲ್ಲಿ ಅರ್ಧ ನಿಮ್ಮ "ಕನ್ನಡಕ್ಕಾಗಿ ಒಂದನ್ನು ಒತ್ತಿ"ಗೂ ಸಂಗೀತಕ್ಕೂ ಹೋಗುತ್ತದೆ. ಮಾತು ಮುಗಿಸಿ, ಕಾಲ್ ಲಿಸ್ಟ್ ಅಳಿಸಿ, ಹೊರೆ ಹೊತ್ತು ಕೆಳಗಿಳಿದಾಗ ಸಿಗ್ನಲ್ ಇಲ್ಲ. ದಾರಿಯಲ್ಲೇ ಸಿಕ್ಕಿಬಿದ್ದ ಮೆಸೇಜು ಬಂದು ಬೀಳುವುದು, ಗಂಡ ಅದೇ ಫೋನನ್ನು ಜೇಬಿಗೆ ಹಾಕಿಕೊಂಡು ಪೇಟೆ ತಲುಪಿದಾಗ. ಇಷ್ಟು ಸಾಲದೆಂಬಂತೆ ನಿಮ್ಮ ಸಿಬ್ಬಂದಿ ಸಂಜೆ ವಾಪಸ್ ಕರೆ ಮಾಡಿ, ಯಾರು ಎತ್ತಿದರೆಂದು ನೋಡದೆ "ಮಹಿಳಾ ಸಹಾಯವಾಣಿಯಿಂದ ಮಾತಾಡುತ್ತಿದ್ದೇವೆ" ಎನ್ನುತ್ತಾರೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮೊದಲ ಅರ್ಧ ನಿಮಿಷದಲ್ಲೇ ಮೂರು ಪ್ರಶ್ನೆ: ಈ ಫೋನು ಯಾರದ್ದು, ಮೆಸೇಜ್ ಬರಬಹುದೇ, ಮತ್ತೆ ಕರೆ ಮಾಡಬಹುದೇ, ಮಾಡುವುದಾದರೆ ಯಾವ ಹೊತ್ತಿಗೆ. "ಬೇಡ" ಅಂದರೆ ದಾಖಲೆಯಲ್ಲಿ ಅದು ಕೆಂಪಕ್ಷರದಲ್ಲಿ ಕಾಣಬೇಕು, ಮೆಸೇಜು ಹೋಗದಂತೆ ತಂತ್ರಾಂಶವೇ ತಡೆಯಬೇಕು. ದೂರಿನ ಸಂಖ್ಯೆಯನ್ನು ಬಾಯಲ್ಲಿ ಹೇಳಿದರೆ ಸಾಕು.

ಇನ್ನು ಸಿಬ್ಬಂದಿ ಕೊಡುವ ಸಲಹೆ. "ಮೊದಲು ಎಫ್‌ಐಆರ್ ಮಾಡಿಸಿ" ಎನ್ನುವುದು ತಪ್ಪು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಲು ಎಫ್‌ಐಆರ್ ಬೇಕಿಲ್ಲ. ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿ ಒಂದನೇ ನಮೂನೆಯಲ್ಲಿ ಘಟನಾ ವರದಿ ಬರೆದುಕೊಳ್ಳುತ್ತಾರೆ, ಮ್ಯಾಜಿಸ್ಟ್ರೇಟರಿಗೆ ಹಾಕಿದ ಈ 12ನೇ ಕಲಂ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು. ಹುಬ್ಬಳ್ಳಿಗೆ ಮದುವೆಯಾಗಿ ಶಿರಸಿಯ ತವರಿಗೆ ಬಂದವಳಿಗೆ "ಹುಬ್ಬಳ್ಳಿ ಕೋರ್ಟಿಗೇ ಹೋಗಿ" ಎಂದದ್ದೂ ತಪ್ಪು. 27ನೇ ಕಲಂ ಪ್ರಕಾರ ತಾತ್ಕಾಲಿಕವಾಗಿ ಉಳಿದುಕೊಂಡ ಊರಿನಲ್ಲೂ ಅರ್ಜಿ ಹಾಕಬಹುದು. ನೆರೆಮನೆಯವರು ಕರೆ ಮಾಡಿದರೆ "ಸಂತ್ರಸ್ತೆಯೇ ಮಾತಾಡಲಿ" ಎಂದು ಇಟ್ಟುಬಿಡುತ್ತೀರಿ. 4ನೇ ಕಲಂ ಓದಿ: ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದ್ಭಾವನೆಯಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ವಿಷಯದಲ್ಲಂತೂ ನಿಮ್ಮಲ್ಲಿ ಕ್ರಮವೇ ಇಲ್ಲ. ಮನೆಯಿಂದ ಹೊರಹಾಕಿಸಿಕೊಂಡ ಹದಿಹರೆಯದವರು ಕರೆ ಮಾಡಿದರೆ ದನಿ ಕೇಳಿ "ಇದು ಹೆಂಗಸರ ನಂಬರು" ಎನ್ನುತ್ತಾರೆ, ಇಲ್ಲವೇ ಅಪ್ಪನ ನಂಬರು ಕೇಳಿ ಅವರಿಗೇ ಫೋನ್ ಮಾಡುತ್ತಾರೆ. ಹೊಡೆದವರಿಗೇ ವಿಳಾಸ ಕೊಟ್ಟ ಹಾಗೆ! ಮೊದಲು ವಯಸ್ಸು ಕೇಳಿ. 18 ತುಂಬದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಜೋಡಿಸಿ; ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಹೊತ್ತು ಬಿಟ್ಟು. 18 ಆಗಿದ್ದರೆ ಮನೆಯವರಿಗೆ ತಿಳಿಸುವ ಅಧಿಕಾರ ನಿಮಗಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ 18ನೇ ಕಲಂ ಪ್ರಕಾರ ಹಾಗೆ ಮನೆಯಿಂದ ಹೊರದಬ್ಬುವುದು ಅಪರಾಧ ಎಂಬುದನ್ನೂ ಕರೆ ಮಾಡಿದವರಿಗೆ ಹೇಳಿ. ಅವರು ಹೇಳಿದ ಹೆಸರಿನಿಂದಲೇ ಕರೆಯಿರಿ. ಆಧಾರಿನ ಹೆಸರು ಕೊನೆಗೆ ಕೇಳಿದರಾಯಿತು.

ಆಶ್ರಯಕ್ಕೆ "ಆಧಾರ್ ತನ್ನಿ, ಕಾರವಾರಕ್ಕೆ ಬನ್ನಿ" ಎನ್ನುತ್ತೀರಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಕಾರವಾರ ಸುಮಾರು 120 ಕಿ.ಮೀ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದೆ ನಿಜ, ಅದಕ್ಕೂ ಗುರುತಿನ ಚೀಟಿ ಬೇಕು. ಉಟ್ಟ ಬಟ್ಟೆಯಲ್ಲಿ ಹೊರಬಿದ್ದವಳ ಚೀಟಿ ಗಂಡನ ಕಪಾಟಿನಲ್ಲಿದೆ. ಹಳೆಯ ಹೆಸರು, ಹಳೆಯ ಫೋಟೋ ಇರುವ ಚೀಟಿ ಹಿಡಿದು ಹತ್ತಿದ ಲಿಂಗತ್ವ ಅಲ್ಪಸಂಖ್ಯಾತರಿಗೆ ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ವಾದ. ಟಿಕೆಟ್ ಖರ್ಚು ನೀವೇ ಭರಿಸಬೇಕು, ದಾಖಲೆಯಿಲ್ಲದೆ ಒಳಗೆ ಸೇರಿಸಿಕೊಳ್ಳಬೇಕು.

ಗೋವಾ ಗಡಿಯ ಮಾಜಾಳಿ ಕಡೆಯ ಇನ್ನೊಂದು ತೊಡಕು: ಫೋನು ಗೋವಾದ ಟವರ್ ಹಿಡಿದರೆ ಮಹಿಳಾ ಸಹಾಯವಾಣಿ 181ಕ್ಕೆ ಮಾಡಿದ ಕರೆ ಅತ್ತ ಹೋಗುತ್ತದೆ. ಗಡಿಯ ಊರುಗಳಿಗೆ ಹತ್ತಂಕಿಯ ಸಾದಾ ನಂಬರೊಂದನ್ನು ಕೊಡಿ, ಅಲ್ಲಿ ಕೊಂಕಣಿ ಬಲ್ಲವರನ್ನು ಕೂರಿಸಿ.

ಸಿಬ್ಬಂದಿ ತರಬೇತಿಗೆ, ಹೊಸ ನಂಬರಿಗೆ ತಿಂಗಳು ಹಿಡಿದೀತು, ಒಪ್ಪುತ್ತೇವೆ. ಆದರೆ ಹಳೆಯ ದೂರುದಾರರಿಗೆ "ನಮ್ಮ ಸೇವೆ ಹೇಗಿತ್ತು" ಎಂದು ಕೇಳುವ ಮೆಸೇಜು ಈಗಲೂ ಹೋಗುತ್ತಿದೆ. ಅದನ್ನು ಈ ಪತ್ರ ತಲುಪಿದ ದಿನವೇ ನಿಲ್ಲಿಸಿ, ನಿಲ್ಲಿಸಿದ್ದನ್ನು ನಮಗೆ ಬರಹದಲ್ಲಿ ತಿಳಿಸಿ.

ಇಂತಿ,
ಕಾನೂನು ನೆರವಿನ ಸ್ವಯಂಸೇವಕರು
ಶಿರಸಿ, ಉತ್ತರ ಕನ್ನಡ